ರಜೆಯ ಲ್ಯಾಬಿನಲ್ಲಿ ಪೇಸ್ಟ್ ಕೆಲಸ

ಕಂಪ್ಯೂಟರಿನ ಹೊಟ್ಟೆ ಬಿಚ್ಚಿದರೆ ಮೊದಲು ಕಾಣುವುದು ಒಂದು ಫ್ಯಾನ್. ಅದರ ಅಡಿಯಲ್ಲಿ ಅಲ್ಯೂಮಿನಿಯಂ ರೆಕ್ಕೆಗಳ ಒಂದು ಗಟ್ಟಿ ಇರುತ್ತದೆ. ಅದಕ್ಕೆ ಹೀಟ್‌ಸಿಂಕ್ ಅನ್ನುತ್ತೇವೆ. ಅದರ ಅಡಿಯಲ್ಲಿ ಬಿಸ್ಕತ್ತಿನಷ್ಟಗಲದ ಪ್ರೊಸೆಸರ್. ಕೆಲಸವೆಲ್ಲ ಮಾಡುವುದು ಅದು, ಕಾಯುವುದೂ ಅದೇ. ಎರಡು ಲೋಹಗಳೂ ಒಂದರ ಮೇಲೊಂದು ಅಂಟಿ ಕೂತಂತೆ ಕಂಡರೂ ನಡುವೆ ಕಣ್ಣಿಗೆ ಕಾಣದ ಸಂದುಗಳಿರುತ್ತವೆ. ಸಂದಿನಲ್ಲಿ ಗಾಳಿ ಇರುತ್ತದೆ, ಗಾಳಿ ಬಿಸಿಯನ್ನು ದಾಟಗೊಡುವುದಿಲ್ಲ. ಆ ಸಂದು ತುಂಬುವುದಕ್ಕೆ ಪೇಸ್ಟ್. ನಡುಮಧ್ಯೆ ಒಂದು ಹೆಸರುಕಾಳಿನಷ್ಟು ಹಾಕಿದರೆ ಸಾಕು. ಬೆರಳಿನಲ್ಲಿ ಸವರಬಾರದು. ಹೀಟ್‌ಸಿಂಕನ್ನು ನೇರ ಇಳಿಸಿ, ಎದುರುಬದುರು ಮೂಲೆಯ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಹೋದರೆ ಅದೇ ಹರಡಿಕೊಳ್ಳುತ್ತದೆ.

ಇಷ್ಟನ್ನು ನನಗೆ ಯಾರೂ ಪುಸ್ತಕದಿಂದ ಹೇಳಿಕೊಡಲಿಲ್ಲ. ಎಂಟನೇ ಕ್ಲಾಸಿನ ನಡುವಿನಲ್ಲಿ ಶಾಲೆ ಬಿಟ್ಟು ಯಶವಂತಪುರದ ರೇಡಿಯೊ ರಿಪೇರಿ ಅಂಗಡಿಗೆ ಸೇರಿದವನು ನಾನು. ರೇಡಿಯೊ ಹೋಯಿತು, ಟೀವಿ ಬಂತು. ಡಬ್ಬಾ ಟೀವಿ ಹೋಯಿತು, ಕಂಪ್ಯೂಟರ್ ಬಂತು. ಒಂದೊಂದು ಹೋದಾಗಲೂ ಜೊತೆಯಲ್ಲಿದ್ದವರು ಆಟೊ ಹಿಡಿದರು, ಗಾರ್ಮೆಂಟ್ಸ್ ಗೇಟಿನಲ್ಲಿ ಸೆಕ್ಯುರಿಟಿಗೆ ನಿಂತರು. ನಾನು ಸ್ಕ್ರೂಡ್ರೈವರ್ ಕೆಳಗಿಡಲಿಲ್ಲ. ಬಾಗಲಗುಂಟೆಯಲ್ಲಿ ಈಗ ನನ್ನದೇ ಅಂಗಡಿ ಇದೆ. ಯಾರ ಮುಂದೆಯೂ ಕೈಚಾಚಿದವನಲ್ಲ. ಹೇಳಿಕೊಳ್ಳುವುದಕ್ಕೆ ನನಗೇನೂ ಸಂಕೋಚವಿಲ್ಲ.

ಮನೆ ಅಬ್ಬಿಗೆರೆಯಲ್ಲಿ. ಮದುವೆಯ ಮಾತು ಒಂದೆರಡು ಸಲ ಬಂದಿತ್ತು. ಮೊದಲು ತಂಗಿಯರದಾಗಲಿ ಅಂದೆ. ಅವರದಾಗುವ ಹೊತ್ತಿಗೆ ನನ್ನದನ್ನು ಕೇಳುವವರು ಇರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಅಡುಗೆ ಕಲಿತೆ. ಚಿತ್ರಾನ್ನ ಬರುತ್ತದೆ, ಒಂದು ಸಾರು ಬರುತ್ತದೆ. ಮಧ್ಯಾಹ್ನ ಅಂಗಡಿಯ ಷಟರ್ ಅರ್ಧ ಎಳೆದು, ಡಬ್ಬಿ ಬಿಚ್ಚಿ, ಎದುರಿಗೆ ಬಿದ್ದಿರುವ ಯಾವುದೋ ಮದರ್‌ಬೋರ್ಡ್ ನೋಡುತ್ತಾ ಉಣ್ಣುತ್ತೇನೆ. ಹಿಂದೆ ಗಿರಾಕಿಗಳು ರಿಪೇರಿ ಮುಗಿಯುವವರೆಗೆ ಸ್ಟೂಲಿನ ಮೇಲೆ ಕೂರುತ್ತಿದ್ದರು, ಟೀ ತರಿಸುತ್ತಿದ್ದರು, ಮಾವನ ಮನೆಯ ಜಗಳವನ್ನೆಲ್ಲ ಹೇಳುತ್ತಿದ್ದರು. ಈಗ ಇಟ್ಟು ಹೋಗುತ್ತಾರೆ. ಆಮೇಲೆ ಆಪ್‌ನಲ್ಲಿ ಬುಕ್ ಮಾಡಿದ ಯಾರೋ ಡೆಲಿವರಿ ಹುಡುಗ ಹೆಲ್ಮೆಟ್ ತೆಗೆಯದೆ ಬಂದು ತೆಗೆದುಕೊಂಡು ಹೋಗುತ್ತಾನೆ.

ವರ್ಷಕ್ಕೊಮ್ಮೆ ಮಾತ್ರ ನಾನು ಇನ್ನೊಬ್ಬರ ಜೊತೆ ಕೂತು ಉಣ್ಣುತ್ತಿದ್ದೆ. ಯಲಹಂಕದ ಆಚೆಗೊಂದು ಕಾಲೇಜಿದೆ. ಅಲ್ಲಿನ ಕಂಪ್ಯೂಟರ್ ಲ್ಯಾಬಿನ ಮಷೀನುಗಳಿಗೆಲ್ಲ ಬೇಸಿಗೆ ರಜೆಯಲ್ಲಿ ಧೂಳು ಹೊಡೆದು ಪೇಸ್ಟ್ ಬದಲಾಯಿಸುವ ಕೆಲಸ ನನ್ನದಾಗಿತ್ತು. ಹುಡುಗರಿಲ್ಲದ ಕಾಲೇಜು. ಕಾರಿಡಾರಿನಲ್ಲಿ ಪಾರಿವಾಳಗಳು ಮಾತ್ರ. ಲ್ಯಾಬಿನಲ್ಲಿ ನಾನು ಮತ್ತು ಲ್ಯಾಬ್ ಅಟೆಂಡರ್.

ಅವರು ಗದಗಿನ ಕಡೆಯವರು. ನನಗಿಂತ ಸ್ವಲ್ಪ ದೊಡ್ಡವರು. ಹೆಂಡತಿ ಊರಿನಲ್ಲಿ ಇವರ ತಾಯಿಯನ್ನು ನೋಡಿಕೊಂಡಿದ್ದರು. ಇವರು ಇಲ್ಲಿ ಕಾಲೇಜಿನ ಹಿಂದಿನ ಒಂದು ರೂಮಿನಲ್ಲಿ ಒಬ್ಬರೇ. ಮೊದಲ ವರ್ಷ ನಾನು ಸ್ಕೂಟರಿನಿಂದ ಟೂಲ್ ಬ್ಯಾಗ್ ಇಳಿಸುತ್ತಿದ್ದಾಗ ಮೆಟ್ಟಿಲ ಮೇಲೆ ನಿಂತೇ ಕೂಗಿದ್ದರು:

"ಬರ್ರಿ ಬರ್ರಿ! ಮಷೀನಿಗೆ ಭಸ್ಮಾ ಹಚ್ಚಾವ್ರು ಬಂದ್ರು!"

"ಭಸ್ಮ ಅಲ್ಲ ಸಾರ್, ಪೇಸ್ಟ್."

"ಬೆಳ್ಳಗೈತಿ, ಹಣೀಗ್ ಹಚ್ತೀರಿ. ಮತ್ತೇನಂತಾರ ಅದಕ್ಕ?"

ಅಂದಿನಿಂದ ಪ್ರತಿ ವರ್ಷ ಅದೇ ಸ್ವಾಗತ. ಕೆಲಸ ಹಂಚಿಕೊಂಡದ್ದೂ ಆಗಲೇ. ಹಳೆಯ ಪೇಸ್ಟ್ ಒಣಗಿ ಸಿಮೆಂಟಿನಂತೆ ಹಿಡಿದುಕೊಂಡಿರುತ್ತದೆ. ತಣ್ಣಗಿರುವಾಗ ಹೀಟ್‌ಸಿಂಕ್ ಎಳೆಯಬಾರದು. ಮಷೀನನ್ನು ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಬೇಕು, ಆಫ್ ಮಾಡಿ, ಹೀಟ್‌ಸಿಂಕನ್ನು ಮೆಲ್ಲಗೆ ಆಚೆ ಈಚೆ ತಿರುಗಿಸಬೇಕು, ಅಂಟು ಬಿಟ್ಟ ಮೇಲೆ ಎತ್ತಬೇಕು. ಸಾಲಾಗಿ ಮಷೀನುಗಳನ್ನು ಹಚ್ಚಿ ಬಿಸಿ ಮಾಡಿಡುವುದು ಅವರ ಕೆಲಸ. ಬಿಚ್ಚುವುದು ನಾನು. ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ಹಳೆಯದನ್ನು ಒರೆಸುವುದು ಅವರು. ಹೊಸದು ಹಾಕುವುದು ನಾನೇ. ಆ ಟ್ಯೂಬನ್ನು ನಾನು ಯಾರ ಕೈಗೂ ಕೊಡುವುದಿಲ್ಲ. ಕಾಲೇಜಿನವರು ಕೊಡಿಸುತ್ತಿದ್ದದ್ದು ಅಗ್ಗದ ಬಿಳಿ ಪೇಸ್ಟ್, ವರ್ಷದೊಳಗೆ ಒಣಗುವಂಥದ್ದು. ಇಡೀ ದಿನ ಉರಿಯುವ ಮಷೀನು, ಪಕ್ಕದಲ್ಲೇ ರಸ್ತೆಯ ಧೂಳು. ಹಾಗಾಗಿ ಪ್ರತಿ ಬೇಸಿಗೆಗೂ ಕೆಲಸ ತಪ್ಪುತ್ತಿರಲಿಲ್ಲ.

ಊಟಕ್ಕೆ ಪ್ರಿಂಟರಿನ ಟೇಬಲ್ ಖಾಲಿ ಮಾಡಿಕೊಳ್ಳುತ್ತಿದ್ದೆವು. ಅವರ ಹೆಂಡತಿ ಊರಿನಿಂದ ಬಸ್ಸಿನಲ್ಲಿ ಕಳಿಸುತ್ತಿದ್ದ ಒಣ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗೇಟಿನ ಎದುರಿನ ಅಂಗಡಿಯ ಮೊಸರು. ನನ್ನದು ಚಿತ್ರಾನ್ನ. ಅವರು ಎರಡು ತುತ್ತು ತಿಂದು ಪ್ರತಿ ವರ್ಷವೂ ಅದನ್ನೇ ಹೇಳುತ್ತಿದ್ದರು: "ಉಪ್ಪು ಹಾಕೂದನ್ನೂ ಪೇಸ್ಟ್ ಹಾಕಿದಂಗ ಮಾಡೀರಿ ನೋಡ್ರಿ, ಒಂದ ಕಾಳು!" ಅಮ್ಮ ಹೋದ ಮೇಲೆ ನನ್ನ ಅಡುಗೆಗೆ ಹೆಸರಿಟ್ಟವರು ಅವರೊಬ್ಬರೇ. ಏಪ್ರಿಲ್ ಬರುತ್ತಿದ್ದಂತೆ ನಾನು ಅಂಗಡಿಯ ಕೆಲಸವನ್ನೆಲ್ಲ ಬೇಗ ಬೇಗ ಮುಗಿಸಿ ಕಾಲೇಜಿನ ಫೋನಿಗೆ ಕಾಯುತ್ತಿದ್ದೆ. ಗಿರಾಕಿಗಳಿಗೆ ಮಾತ್ರ, "ದೊಡ್ಡ ಕಾಲೇಜಿನ ಕೆಲ್ಸ ಕಣ್ರೀ, ಬಿಡಕ್ಕಾಗಲ್ಲ" ಅನ್ನುತ್ತಿದ್ದೆ.

ಹೋದ ಬೇಸಿಗೆ ಫೋನ್ ಮಾಡಿದವರು ಲ್ಯಾಬ್ ನೋಡಿಕೊಳ್ಳುವ ಮೇಡಂ. ಒಳ್ಳೆಯ ಹೆಣ್ಣುಮಗಳು, ಕೆಲಸದ ಬೆಲೆ ಗೊತ್ತಿದ್ದವರು. ಹೋದ ದಿನವೇ ವಿಷಯ ಹೇಳಿದರು.

"ಇದೇ ಲಾಸ್ಟ್ ವರ್ಷ. ಮುಂದಿನ ಬೇಸಿಗೆಗೆ ಎಲ್ಲಾ ಹೊಸ ಮಷೀನ್ ಬರ್ತಿದೆ, ಪುಟ್ಟ ಡಬ್ಬಿ ಥರದ್ದು. ಸರ್ವೀಸ್ ಕಂಪನಿಯೋರೇ ಮಾಡ್ತಾರೆ. ಇವು ಇನ್ನೊಂದು ವರ್ಷ ಓಡಿದ್ರೆ ಸಾಕು. ನಿಮಗೆ ಮೊದ್ಲೇ ಹೇಳ್ಬೇಕು ಅನ್ನಿಸ್ತು."

"ಅದಕ್ಕೇನು ಮೇಡಂ, ಕಾಲ ಬದಲಾಗುತ್ತೆ. ನನಗೆ ಅಂಗಡೀಲೇ ಕೈತುಂಬಾ ಕೆಲಸ" ಅಂದೆ.

ಕೈತುಂಬ ಕೆಲಸ ಇದ್ದದ್ದು ಸುಳ್ಳಲ್ಲ. ಆದರೆ ಟೂಲ್ ಬ್ಯಾಗ್ ಬಿಚ್ಚುವಾಗ ನನಗೆ ಕೆಲಸದ ಚಿಂತೆ ಇರಲಿಲ್ಲ. ಇನ್ನು ಮುಂದೆ ಯಾವ ನೆಪ ಹೇಳಿಕೊಂಡು ಈ ಮನುಷ್ಯನ ಎದುರು ಕೂರುವುದು ಎಂಬ ಚಿಂತೆ ಇತ್ತು. ಇಷ್ಟು ವರ್ಷದಲ್ಲಿ ನಾನು ಅವರ ರೂಮಿಗೆ ಹೋಗಿರಲಿಲ್ಲ, ಅವರು ನನ್ನ ಅಂಗಡಿಗೆ ಬಂದಿರಲಿಲ್ಲ. ಕೆಲಸವಿಲ್ಲದೆ ಒಬ್ಬರ ಮನೆ ಬಾಗಿಲಲ್ಲಿ ಹೋಗಿ ನಿಲ್ಲುವ ಅಭ್ಯಾಸ ನನಗಿಲ್ಲ.

ಜೀವನದಲ್ಲಿ ಮೊದಲ ಸಲ ನಿಧಾನವಾಗಿ ಕೆಲಸ ಮಾಡಿದೆ. ನನ್ನ ಕೈ ಎಷ್ಟು ಚುರುಕೆಂದು ನಮ್ಮ ಅಂಗಡಿಯ ರಸ್ತೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ಕೈ ಈಗ ಫ್ಯಾನಿನ ಒಂದೊಂದು ರೆಕ್ಕೆಯನ್ನೂ ಬ್ರಷ್ಷಿನಲ್ಲಿ ಉಜ್ಜುತ್ತಿತ್ತು. ಒಂದು ಮಷೀನ್ ಮುಚ್ಚಿದ ಮೇಲೆ ಕೇಬಲ್ ಸರಿಯಾಗಿ ಕೂತಿಲ್ಲವೆಂದು ಮತ್ತೆ ಬಿಚ್ಚುತ್ತಿದ್ದೆ. ಬೇಗ ಮುಗಿದರೆ ಒಂದು ವಾರ. ಹೀಗೆ ಎಳೆದರೆ ಇನ್ನೂ ನಾಲ್ಕು ಊಟ ಹೆಚ್ಚು ಸಿಗುತ್ತದೆ.

ಆದರೆ ಆ ವರ್ಷ ಅವರು ಅವಸರದಲ್ಲಿದ್ದರು. ನಾನು ಒಂದು ಮಷೀನ್ ಮುಗಿಸುವಷ್ಟರಲ್ಲಿ ಇನ್ನು ನಾಲ್ಕನ್ನು ಹಚ್ಚಿ ಬಿಸಿ ಮಾಡಿ ನಿಲ್ಲಿಸಿರುತ್ತಿದ್ದರು. ಬಾಗಿಲಿಗೆ ಹೋಗಿ ಫೋನಿನಲ್ಲಿ ಮೆಲ್ಲಗೆ ಮಾತಾಡಿ ಬರುತ್ತಿದ್ದರು. ರೊಟ್ಟಿಯನ್ನು ನಿಂತೇ ಮುರಿಯುತ್ತಿದ್ದರು.

"ಏನ್ರಿ, ಈ ಸಲ ಕೈ ಭಾರ ಆಗ್ಯಾವೇನ್ರಿ? ಮದಿಮಗಳಿಗೆ ಅರಿಶಿಣ ಹಚ್ಚಿದಂಗ ಹಚ್ಚಾಕತ್ತೀರಿ!"

"ಕೊನೇ ಸಲ ಅಲ್ವಾ ಸಾರ್. ನೀಟಾಗಿರ್ಲಿ ಅಂತ."

"ಗುಜರಿಗೆ ಹೋಗೂ ಮಷೀನಿಗೆ ಎಷ್ಟ್ ನೀಟ್ ಮಾಡ್ತೀರಿ, ನಡೀರಿ ನಡೀರಿ."

ನನಗೆ ಬೇಜಾರಾಯಿತು. ತೋರಿಸಿಕೊಳ್ಳಲಿಲ್ಲ. ಇನ್ನೂ ಸ್ವಲ್ಪ ನಿಧಾನ ಮಾಡಿದೆ.

ಕೊನೆಯ ಸಾಲಿನಲ್ಲಿದ್ದ ಮಷೀನುಗಳು ಬೇರೆ ಜಾತಿಯವು. ಅವುಗಳಲ್ಲಿ ಪ್ರೊಸೆಸರಿನ ಹೊಟ್ಟೆಯ ಕೆಳಗೇ ನೂರಾರು ಸಣ್ಣ ಪಿನ್ನುಗಳಿರುತ್ತವೆ, ಕೂದಲಿನಷ್ಟು ತೆಳು. ಹಾಗಾಗಿ ಅವುಗಳನ್ನು ಬಿಚ್ಚುವಾಗ ಎರಡು ಪಟ್ಟು ಜಾಗ್ರತೆ ಬೇಕು. ನಾನು ಕಿಟಕಿಯ ಹತ್ತಿರ ಒಂದು ಫ್ಯಾನ್ ತೊಳೆದು ಒಣಗಿಸುತ್ತಿದ್ದೆ. ಅವರು ನನಗೆ ಸಹಾಯವಾಗಲಿ ಎಂದು, ಇನ್ನೂ ಹಚ್ಚಿ ಬಿಸಿ ಮಾಡಿರದ ಒಂದು ಮಷೀನಿನ ಕ್ಲಿಪ್ ಬಿಚ್ಚಿ, ಹೀಟ್‌ಸಿಂಕನ್ನು ಎರಡೂ ಕೈಯಲ್ಲಿ ಹಿಡಿದು ನೇರ ಮೇಲಕ್ಕೆ ಎಳೆದುಬಿಟ್ಟರು. ಟಪ್ ಎಂದು ಶಬ್ದವಾಯಿತು. ಶಬ್ದ ಕೇಳಿಯೇ ನನಗೆ ಗೊತ್ತಾಯಿತು. ತಿರುಗಿ ನೋಡಿದರೆ ಹೀಟ್‌ಸಿಂಕಿನ ತಳಕ್ಕೆ ಪ್ರೊಸೆಸರ್ ಅಂಟಿಕೊಂಡೇ ಮೇಲೆ ಬಂದಿತ್ತು. ಒಂದು ಮೂಲೆಯ ಪಿನ್ನುಗಳು ಗಾಳಿಗೆ ಮಲಗಿದ ಪೈರಿನಂತೆ ಒಂದೇ ಕಡೆ ಬಾಗಿದ್ದವು.

ಅವರು ಅದನ್ನು ಹಿಡಿದುಕೊಂಡೇ ನಿಂತಿದ್ದರು. "ಕೆಟ್ತೇನ್ರಿ?" ಅಂದರು. ದನಿ ಸಣ್ಣದಾಗಿತ್ತು.

"ಯಾಕ್ ಸಾರ್ ಇಷ್ಟು ಅರ್ಜೆಂಟು? ಬಿಸಿ ಮಾಡ್ದೆ ಎಳೀಬಾರ್ದು ಅಂತ ನಿಮಗೇ ಗೊತ್ತಲ್ಲ."

ಹೀಟ್‌ಸಿಂಕನ್ನು ನನ್ನ ಕೈಗೆ ಕೊಟ್ಟು ಸ್ಟೂಲಿನ ಮೇಲೆ ಕೂತರು.

"ಸಂಜಿಕಡೆ ಒಂದ್ ಮನಿ ನೋಡಾಕ ಹೋಗೂದೈತ್ರಿ, ಅಟ್ಟೂರದಾಗ. ಓನರ್ ಕಾಯ್ತಾನಂತ. ಅವ್ವ ಹೋದ ಮ್ಯಾಲೆ ನಮ್ಮಾಕಿ ಊರಾಗ ಒಬ್ಬಾಕೇ ಆಗ್ಯಾಳ. ಇಲ್ಲೇ ಬರಾಕತ್ತಾಳ್ರಿ, ಖಾಯಂ. ಇಷ್ಟ್ ವರ್ಷ ಆದ ಮ್ಯಾಲೆ ನನಗೂ ಒಂದು ಮನಿ ಅಂತ ಆಗ್ತೈತಿ." ಹೇಳುತ್ತಾ ಹೇಳುತ್ತಾ ಮುಖ ಅರಳಿತ್ತು, ತಪ್ಪು ಮಾಡಿದ ಸಂಕಟದ ನಡುವೆಯೇ. "ನಿಮಗ ಹೇಳ್ಬೇಕಂತ ಇದ್ದೆ. ಹೊಸಾ ಸುದ್ದಿ, ಕೈಗೂಡೂ ತನಕ ಬಾಯಿ ಬಿಡಬಾರ್ದಂತ ಸುಮ್ನಿದ್ದೆ."

"ಒಳ್ಳೇದಾಯ್ತಲ್ಲ ಸಾರ್" ಅಂದೆ. ನಿಜವಾಗಿಯೂ ಒಳ್ಳೆಯದೇ. ಆದರೂ ಕಾರಿಡಾರಿನ ಪಾರಿವಾಳಗಳ ಸದ್ದು ಆಗ ಬಹಳ ಜೋರಾಗಿ ಕೇಳಿಸಿದಂತಾಯಿತು. ನಾವಿಬ್ಬರೂ ಒಂದೇ ಥರದವರು ಎಂದುಕೊಂಡಿದ್ದೆ. ಅವರು ಒಂಟಿಯಾಗಿರಲಿಲ್ಲ, ಕಾಯುತ್ತಿದ್ದರು ಅಷ್ಟೇ. ಕಾಯುವುದಕ್ಕೂ ಒಂಟಿತನಕ್ಕೂ ಇರುವ ವ್ಯತ್ಯಾಸ ನನಗೆ ಆ ಲ್ಯಾಬಿನಲ್ಲಿ ತಿಳಿಯಿತು.

ಮೇಡಂ ಬಂದು ನೋಡಿದರು. "ಹೋಗ್ಲಿ ಬಿಡಿ, ಒಂದು ಮಷೀನ್ ತಾನೇ. ಹೇಗೂ ಹೋಗೋದೇ. ಪಕ್ಕಕ್ಕಿಡಿ" ಅಂದರು.

"ನನ್ನ ಕೈಗೆ ಬಂದ ಮೇಲೆ ಸತ್ತ ಮಷೀನ್ ಅಂತ ಒಂದೂ ಹೊರಗೆ ಹೋಗಿಲ್ಲ ಮೇಡಂ. ಒಂದ್ ಸ್ವಲ್ಪ ಹೊತ್ತು ಕೊಡಿ."

ಸೀಸ ತೆಗೆದ ಪೆನ್ ಪೆನ್ಸಿಲ್ಲಿನ ತುದಿಯಲ್ಲಿ ಒಂದು ಸಣ್ಣ ಲೋಹದ ಕೊಳವೆ ಇರುತ್ತದೆ. ಅದರೊಳಗೆ ಪಿನ್ ಒಂದನ್ನು ತೂರಿಸಿ ಮೆಲ್ಲಗೆ ಎತ್ತಿ ನಿಲ್ಲಿಸಬೇಕು. ಒಂದೇ ಸಲಕ್ಕೆ ನೆಟ್ಟಗೆ ಮಾಡಹೋದರೆ ಮುರಿಯುತ್ತದೆ. ಒಮ್ಮೆ ಸ್ವಲ್ಪ, ಇನ್ನೊಮ್ಮೆ ಸ್ವಲ್ಪ. ಪ್ರೊಸೆಸರನ್ನು ಹೀಟ್‌ಸಿಂಕಿನಿಂದ ಮೆಲ್ಲಗೆ ಬಿಡಿಸಿ, ಕಿಟಕಿಯ ಬೆಳಕಿಗೆ ಟೇಬಲ್ ಎಳೆದುಕೊಂಡು ಕೂತೆ. ಈಗ ನಿಧಾನಕ್ಕೆ ನಟನೆ ಬೇಕಿರಲಿಲ್ಲ.

"ನೀವು ಮನೆ ನೋಡಕ್ಕೆ ಹೊರಡಿ ಸಾರ್. ನಾನಿದನ್ನ ನೋಡ್ಕೋತೀನಿ."

"ಹೆಂಗ್ ಹೋಗ್ಲಿ? ಮುರಿದಾಂವ ನಾನು" ಎಂದು ಓನರಿಗೆ ಫೋನ್ ಮಾಡಿ ನಾಳೆ ಬರುತ್ತೇನೆಂದು ಹೇಳಿದರು. ಮೊಬೈಲಿನ ಟಾರ್ಚ್ ಹಚ್ಚಿ ನನ್ನ ಭುಜದ ಹಿಂದೆ ನಿಂತರು. ನಾನು ಉಸಿರು ಬಿಗಿಹಿಡಿದರೆ ಅವರೂ ಹಿಡಿಯುತ್ತಿದ್ದರು. ಒಂದು ಪಿನ್ ನೆಟ್ಟಗಾದಾಗ, "ಎದ್ದು ನಿಂತ್ತು ನೋಡ್ರಿ ಮಗಂದು!" ಅನ್ನುತ್ತಿದ್ದರು. ನಡುವೆ ಮನೆಯ ಮಾತು. ಹೆಂಡತಿಗೆ ಬೆಂಗಳೂರಿನ ನೀರು ಹಿಡಿಸುತ್ತದೋ ಇಲ್ಲವೋ, ಜೋಳದ ಹಿಟ್ಟು ಯಶವಂತಪುರದ ಮಂಡಿಯಲ್ಲಿ ಒಳ್ಳೆಯದು ಸಿಗುತ್ತದೆಯೇ, ಇಷ್ಟು ವರ್ಷ ಬೇರೆ ಬೇರೆ ಇದ್ದವರು ಒಂದೇ ಮನೆಯಲ್ಲಿ ಎಷ್ಟು ಜಗಳವಾಡಬಹುದು. ನಾನು ಹೂಂ ಅನ್ನುತ್ತಿದ್ದೆ. ಅಷ್ಟು ಒಳ್ಳೆಯ ಮಧ್ಯಾಹ್ನ ನನಗೆ ಹಿಂದೆ ಯಾವಾಗ ಸಿಕ್ಕಿತ್ತೋ ನೆನಪಿಲ್ಲ. ಪಿನ್ನುಗಳು ಇನ್ನೂ ಸ್ವಲ್ಪ ಬಾಗಿರಬಾರದಿತ್ತೇ ಅನ್ನಿಸಿತು.

ಪ್ರೊಸೆಸರ್ ತನ್ನ ಭಾರಕ್ಕೆ ತಾನೇ ಸಾಕೆಟ್ಟಿನೊಳಗೆ ಇಳಿಯಬೇಕು, ಒತ್ತಬಾರದು. ಇಳಿಯಿತು. ಕಾಲೇಜಿನ ಬಿಳಿ ಪೇಸ್ಟನ್ನು ಬದಿಗಿಟ್ಟು ನನ್ನ ಬ್ಯಾಗಿನಿಂದ ಬೂದುಬಣ್ಣದ ಒಳ್ಳೆಯ ಟ್ಯೂಬ್ ತೆಗೆದೆ. ಅಂಗಡಿಯಲ್ಲಿ ಅದನ್ನು ಎಲ್ಲರಿಗೂ ಹಾಕುವುದಿಲ್ಲ. ಒಂದು ಹೆಸರುಕಾಳಿನಷ್ಟು ಹಾಕಿ ಮುಚ್ಚಿ ಮಷೀನ್ ಆನ್ ಮಾಡಿದೆವು. ಪರದೆಯ ಮೇಲೆ ಬೆಳಕು ಬಂತು. ಇಬ್ಬರೂ ಮಷೀನಿನ ಬೆನ್ನಿಗೆ ಅಂಗೈ ಹಿಡಿದು ಗಾಳಿ ನೋಡಿದೆವು. ತಂಪಾಗಿತ್ತು. ಅವರು ಮೇಡಂ ಹತ್ತಿರ ಓಡಿದರು.

"ಈ ಒಂದನ್ನ ನನಗ ಕೊಡ್ರಿ ಮೇಡಂ. ನಾ ಕೆಡಿಸಿದ್ದು, ಇವ್ರು ಬದುಕಿಸಿದ್ದು. ನಮ್ಮಾಕಿಗೆ ಸೀರಿಯಲ್ ನೋಡಾಕ ಆಗ್ತೈತಿ."

ಹಳೆಯ ಮಷೀನುಗಳನ್ನು ಸ್ಟಾಫಿಗೆ ಕೊಡುವುದೆಂದು ಕಾಲೇಜಿನಲ್ಲಿ ಮೊದಲೇ ಮಾತಾಗಿತ್ತಂತೆ. ಮೇಡಂ ಪ್ರಿನ್ಸಿಪಾಲರನ್ನು ಕೇಳಿ ಒಪ್ಪಿಸಿದರು.

ಉಳಿದ ಕೆಲಸ ಮುಗಿದ ದಿನ ಮಷೀನನ್ನು ಬೆಡ್‌ಶೀಟಿನಲ್ಲಿ ಸುತ್ತಿ ನನ್ನ ಸ್ಕೂಟರಿನ ಮುಂದೆ ಇಟ್ಟುಕೊಂಡು, ಅವರನ್ನು ಹಿಂದೆ ಕೂರಿಸಿಕೊಂಡು ಅಟ್ಟೂರಿಗೆ ಹೋದೆ. ಅವರ ತೊಡೆಯ ಮೇಲೆ ಮಾನಿಟರ್. ಬಾಡಿಗೆಗೆ ಮನೆ ಗೊತ್ತಾಗಿತ್ತು. ಒಂದು ಹಾಲ್, ಒಂದು ರೂಮು, ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಹೆಂಡತಿ ಮುಂದಿನ ವಾರ ಬರುವವರಿದ್ದರು. ಗ್ಯಾಸ್ ಬಂದಿರಲಿಲ್ಲ, ಕುರ್ಚಿ ಇರಲಿಲ್ಲ. ನೆಲದ ಮೇಲೆ ಪೇಪರ್ ಹಾಸಿ ಮಷೀನ್ ಜೋಡಿಸಿದೆ. ಅವರು ಕೆಳಗೆ ಹೋಗಿ ಪ್ಲಾಸ್ಟಿಕ್ ಕವರಿನಲ್ಲಿ ಟೀ ತಂದು ಎರಡು ಪೇಪರ್ ಲೋಟಕ್ಕೆ ಬಗ್ಗಿಸಿದರು. ಗೋಡೆಗೆ ಒರಗಿ ಕೂತೆವು. ಮಷೀನ್ ಓಡುತ್ತಿತ್ತು. ಕಿವಿಗೊಟ್ಟರೆ ಮಾತ್ರ ಕೇಳುವಷ್ಟು ಸದ್ದು.

ಅವರು ಟೀ ಲೋಟದ ಅಂಚು ತಿರುಗಿಸುತ್ತಾ ನನ್ನನ್ನು ನೋಡದೆ ಕೇಳಿದರು:

"ಮತ್ತ ಇದಕ್ಕೂ ವರ್ಷಾ ವರ್ಷಾ ಪೇಸ್ಟ್ ಹಾಕಬೇಕಲ್ರಿ? ಬ್ಯಾಸಿಗಿಯಾಗ ನೀವ ಬರ್ಬೇಕಾಗ್ತೈತಿ. ನಮ್ಮಾಕಿ ಬಿಸಿ ರೊಟ್ಟಿ ಮಾಡ್ತಾಳ."

ಅವರು ಏನು ಕೇಳಿದರೆಂದು ನನಗೆ ಅರ್ಥವಾಗದೆ ಇರಲಿಲ್ಲ. ಲ್ಯಾಬಿನಲ್ಲಿ ಪೇಸ್ಟ್ ಟ್ಯೂಬ್ ಬದಲಾಯಿಸಿದ್ದನ್ನು ಕಣ್ಣಾರೆ ನೋಡಿದವರು ಅವರು. ಹೂಂ ಅಂದಿದ್ದರೆ ಆಗಿಹೋಗುತ್ತಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ಇಲ್ಲ ಸಾರ್. ಅದು ಕಾಲೇಜಿನ ಪೇಸ್ಟಿಗೆ. ಇದಕ್ಕೆ ನಾನು ಹಾಕಿರೋದು ಒಳ್ಳೇದು. ಮನೇಲಿ ಸೀರಿಯಲ್ ನೋಡಕ್ಕೆ ನಾಲ್ಕು ವರ್ಷ ನೀವು ಮುಟ್ಟಂಗಿಲ್ಲ."

ಅವರು ನನ್ನ ಕಡೆ ತಿರುಗಿದರು. ಆಮೇಲೆ ನಕ್ಕುಬಿಟ್ಟರು.

"ನಾಲ್ಕ್ ವರ್ಷ! ನೀವೊಂದ್ ನಮೂನಿ ಮನ್ಷಾ ಅದೀರಿ ನೋಡ್ರಿ."

ನಾನೂ ನಕ್ಕೆ. ಸ್ಕ್ರೂಡ್ರೈವರ್ ಒರೆಸಿ ಬ್ಯಾಗಿಗೆ ಹಾಕಿಕೊಂಡೆ. ಮೆಟ್ಟಿಲಿನವರೆಗೆ ಬಂದರು. "ಹಂಗ ಬರ್ತಿರ್ರಿ" ಅಂದರು. "ಆಯ್ತು ಸಾರ್, ಬರ್ತೀನಿ" ಅಂದೆ. ಎಂ.ಎಸ್. ಪಾಳ್ಯದ ಸಿಗ್ನಲ್ಲಿನಲ್ಲಿ ನಿಂತಾಗ, ಒಂದು ವರ್ಷ ಅನ್ನಬಹುದಾಗಿತ್ತು, ಯಾರಿಗೂ ನಷ್ಟವಿರಲಿಲ್ಲ ಅಂದುಕೊಂಡೆ. ಹಿಂದಿನವರು ಹಾರ್ನ್ ಹೊಡೆದರು. ಈಗ ಕೇಳಿದರೂ ನಾನು ನಾಲ್ಕು ಅಂತಲೇ ಹೇಳುತ್ತೇನೆ. ನನ್ನ ಕೆಲಸ ಒಂದೇ ವರ್ಷಕ್ಕೆ ಒಣಗುತ್ತದೆ ಎಂದು ನಾನೇ ಹೇಗೆ ಹೇಳಲಿ?

ಈ ಬೇಸಿಗೆ ಕಾಲೇಜಿನಿಂದ ಫೋನ್ ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದರೂ ಏಪ್ರಿಲ್ ಮೊದಲಲ್ಲಿ ಅಂಗಡಿಯ ಕೆಲಸವನ್ನೆಲ್ಲ ಮುಗಿಸಿ ಬೆಂಚು ಖಾಲಿ ಮಾಡಿಟ್ಟಿದ್ದೆ. ಅಟ್ಟೂರಿಗೆ ಹೋಗಿಲ್ಲ. ಒಂದು ಭಾನುವಾರ ಸ್ಕೂಟರ್ ಸ್ಟಾರ್ಟ್ ಮಾಡಿದ್ದೆ. ಏನು ಕೆಲಸವಿತ್ತು ಎಂದು ಕೇಳಿದರೆ ಏನು ಹೇಳುವುದು ಎಂದು ಯೋಚಿಸಿ ಆಫ್ ಮಾಡಿದೆ.

ಅವರೇ ಆಗಾಗ ಫೋನ್ ಮಾಡುತ್ತಾರೆ. ಹೋದ ವಾರ ಮಧ್ಯಾಹ್ನ ನಾನು ಊಟ ಮಾಡುತ್ತಿದ್ದಾಗ ಮಾಡಿದರು. ಹಿಂದಿನಿಂದ ಸೀರಿಯಲ್ಲಿನ ಅಳು, ಕುಕ್ಕರಿನ ಸೀಟಿ, ಅವರ ಹೆಂಡತಿ ಏನೋ ಕೇಳುವ ದನಿ, ಎಲ್ಲ ಒಟ್ಟಿಗೆ ಬರುತ್ತಿತ್ತು. ಎಲ್ಲರೂ ಆರಾಮೇ ಎಂದು ಕೇಳಿದೆ. ಆರಾಮ ಅಂದರು. ಮಷೀನ್ ಹೇಗಿದೆ ಎಂದು ಕೇಳಿದೆ.

"ಏನ್ ಹೇಳ್ಲಿ ನಿಮ್ಮ ಕೈಗುಣಾ" ಅಂದರು, ನನ್ನನ್ನು ಖುಷಿಪಡಿಸುವ ಹಾಗೆ ಜೋರಾಗಿ. "ಮುಂಜಾನಿಂದ ಓಡಾಕತ್ತೈತಿ, ಮುಟ್ಟಿದ್ರ ತಣ್ಣಗೈತಿ ನೋಡ್ರಿ. ಒಂದಿನ ತ್ರಾಸ್ ಕೊಟ್ಟಿಲ್ಲ."

"ಕೊಡಲ್ಲ ಸಾರ್" ಅಂದೆ.